ಪಲ್ಮೋ ಗುಡಿಸಿದ ಹಿಮ

ನಾಂಗ್ಸೆಯಲ್ಲಿ ಹಿಮ ಬಿದ್ದ ಮರುದಿನ ಬೆಳಗಾಯಿತೆಂದರೆ ಊರಿನ ಎಲ್ಲ ಮಾಳಿಗೆಗಳ ಮೇಲೂ ಕರ್ ಕರ್ ಎಂದು ಮರದ ಸಲಿಕೆಯ ಸದ್ದು. ಇಪ್ಪತ್ತೆರಡು ಮನೆಗಳ ಊರು. ಎಲ್ಲವೂ ಮಣ್ಣಿನ ಮಾಳಿಗೆ, ನಮ್ಮ ಇಳಕಲ್ ಕಡೆ ಇರುವಂಥದ್ದೇ. ಮೊಣಕಾಲುದ್ದ ಹಿಮ ಎರಡು ದಿನ ಕೂತರೆ ತೊಲೆ ಬಾಗುತ್ತದೆ. ಹಾಗಾಗಿ ಚಹಾಕ್ಕಿಂತ ಮೊದಲು ಮಾಳಿಗೆ ಗುಡಿಸಬೇಕು. ಕಾಯಿಲೆ ಬಿದ್ದವರದು, ಬಾಣಂತಿಯದು, ಒಂಟಿಯಾಗಿರುವವರದು ಇದ್ದರೆ ಪಕ್ಕದ ಮನೆಯವರು ಗುಡಿಸುತ್ತಾರೆ. ಗುಡಿಸಿದವರು ಅದನ್ನು ಬಾಯಿ ಬಿಟ್ಟು ಹೇಳಬಾರದು. ಗುಡಿಸಿಕೊಂಡವರು ಉಪಕಾರವಾಯಿತು ಅನ್ನಬಾರದು. ಮಾತಾಡಿದರೆ ನೆರೆಹೊರೆಯ ಕೆಲಸ ಕೂಲಿಯಾಗಿಬಿಡುತ್ತದೆ ಎಂದು ಇಲ್ಲಿಯವರ ಭಾವನೆ.

ನಾನು ಈ ಊರಿಗೆ ಬಂದು ಆರು ಚಳಿಗಾಲವಾಯಿತು. ಈ ಪದ್ಧತಿ ನನಗೆ ಬಹಳ ಹಿಡಿಸಿತ್ತು. ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ ನಾನು ಈ ವರ್ಷ ಮೂರು ಜೀವಗಳನ್ನು ಹಿಮದಡಿ ಹೂಳುವುದರಲ್ಲಿದ್ದೆ.

ನನ್ನ ಹೆಸರು ಗುರುಬಾಯಿ. ಹಿಮದ ಪದರಗಳನ್ನು ಓದುವುದು ನನ್ನ ಉದ್ಯೋಗ. ಗಂಡ ಮೌನೇಶನದೂ ಅದೇ. ಹೆಸರು ಮೌನೇಶ, ಆದರೆ ನಿದ್ದೆಯಲ್ಲಿಯೂ ಬಾಯಿ ಮುಚ್ಚಿದವನಲ್ಲ. ನಾವಿಬ್ಬರೂ ಸೇರಿ ಮಾಡಿದ್ದು ಆಲಿಸುವ ಕೋಲು. ಒಂದು ಪ್ರಶ್ನೆಯಿಂದ ಅದು ಶುರುವಾಯಿತು. ಮೇಲೆ ಕಾಲಿಡುವ ಮೊದಲೇ ಹಿಮ, ತಾನು ಜಾರುತ್ತೇನೋ ಇಲ್ಲವೋ ಎಂದು ಹೇಳುವಂತಿದ್ದರೆ?

ಹಿಮ ಜಾರುವುದು ಯಾಕೆಂದು ನನ್ನಪ್ಪನಿಗೆ ವಿವರಿಸುವುದು ಸುಲಭವಾಗಿತ್ತು. ಅವನು ಬಾವಿ ತೋಡುತ್ತಿದ್ದವನು. ಗಟ್ಟಿ ಮಣ್ಣಿನ ಕೆಳಗೆ ಸಡಿಲ ಉಸುಕಿನ ಪದರ ಸಿಕ್ಕರೆ ಅವನು ತಕ್ಷಣ ಹಗ್ಗ ಹಿಡಿದು ಮೇಲೆ ಬರುತ್ತಿದ್ದ. ಹಿಮದ್ದೂ ಅದೇ ಕಥೆ. ಬಿದ್ದ ಹಿಮವೆಲ್ಲ ಒಂದೇ ಅಲ್ಲ. ಒಂದು ದಿನದ್ದು ಹಿಟ್ಟು, ಇನ್ನೊಂದು ದಿನದ್ದು ಒದ್ದೆ ಹತ್ತಿ. ಆಕಾಶ ಶುಭ್ರವಾಗಿ, ಗಾಳಿ ಇಲ್ಲದ ರಾತ್ರಿಗಳಲ್ಲಿ ಹಿಮದ ಮೈಮೇಲೆ ಗರಿಯಂಥ ಹರಳುಗಳು ನಿಮಿರಿ ನಿಲ್ಲುತ್ತವೆ. ನೋಡಲು ಬಲು ಚೆಂದ. ಅವುಗಳ ಮೇಲೆ ಮತ್ತೆ ದಪ್ಪ ಹಿಮ ಬಿದ್ದರೆ ಗರಿಗಳು ಒಳಗೇ ಹೂತುಹೋಗಿ ಕಾಯುತ್ತವೆ. ಒಬ್ಬ ಮನುಷ್ಯನ ಭಾರ ಸಾಕು, ಅವು ಮುರಿದು ಮೇಲಿನ ಹಾಸೆಲ್ಲ ಇಡಿಯಾಗಿ ಇಳಿಯುತ್ತದೆ. ಕೂಗಿದರೆ ಹಿಮ ಬೀಳುತ್ತದೆ ಅನ್ನುವುದು ಸಿನಿಮಾದ ಮಾತು. ಬೀಳಿಸುವುದು ಭಾರ.

ಕೋಲನ್ನು ಹಿಮಕ್ಕೆ ಊರಿದರೆ ತುದಿಯಿಂದ ಸಣ್ಣದೊಂದು ತಟ್ಟು ಹೊರಡುತ್ತದೆ. ಅದರ ಮರುದನಿಯನ್ನು ಕೋಲು ಕೇಳಿಸಿಕೊಳ್ಳುತ್ತದೆ. ಆದರೆ ಮರುದನಿಗೆ ಅರ್ಥ ಬೇಕಲ್ಲ? ಅದಕ್ಕೆಂದೇ ನಮ್ಮ ಮನೆಯೂ ಆಗಿರುವ ಊರಿನ ಹಿಮ ಕೇಂದ್ರದ ಹಿತ್ತಲಲ್ಲಿ ಹತ್ತಡಿ ಚೌಕದ ಒಂದು ತಗಡು ಇದೆ. ನಾಲ್ಕು ಕಾಲಿನ ಮೇಲೆ, ಎದುರಿನ ಗುಡ್ಡದಷ್ಟೇ ಇಳಿಜಾರಾಗಿ, ಅದೇ ದಿಕ್ಕಿಗೆ ಮುಖಮಾಡಿ ನಿಂತಿದೆ. ಅದರ ಮೇಲೆ ಬಿದ್ದ ಹಿಮದ ತೂಕ, ತಂಪು, ಹರಳಿನ ಆಕಾರ ದಿನಾ ಬೆಳಗ್ಗೆ ಏಳಕ್ಕೆ ಯಂತ್ರಕ್ಕೆ ಹೋಗುತ್ತವೆ. ಗುಡ್ಡದಲ್ಲಿ ಯಾವ ಪದರದ ಮೇಲೆ ಯಾವ ಪದರ ಕೂತಿದೆ ಎಂದು ಯಂತ್ರ ಅದರಿಂದ ಲೆಕ್ಕ ಹಾಕಿ ಕೋಲುಗಳಿಗೆ ಹೇಳುತ್ತದೆ. ಹಿಡಿಕೆಯಲ್ಲಿ ಹಸಿರು ದೀಪ ಬಂದರೆ ನಡೆ, ಕೆಂಪು ಬಂದರೆ ನಿಲ್ಲು. ಕೇಂದ್ರದೊಂದಿಗೆ ಮಾತಾಡಲು ಅದೇ ಹಿಡಿಕೆಯಲ್ಲಿ ಸಣ್ಣ ರೇಡಿಯೋ ಕೂಡ ಇದೆ. ತಗಡು ಸುಳ್ಳು ಹೇಳಿದರೆ ಕಣಿವೆಯ ಕೋಲುಗಳೆಲ್ಲ ಸುಳ್ಳು ಹೇಳುತ್ತವೆ.

ಕೋಲು ಬಂದು ಮೂರು ವರ್ಷದಲ್ಲಿ ನಾಂಗ್ಸೆ ಬದಲಾಗಿಹೋಯಿತು. ಮೊದಲು ನವೆಂಬರಿನಲ್ಲಿ ಊರು ಬಾಗಿಲು ಹಾಕಿಕೊಂಡರೆ ತೆರೆಯುವುದು ಏಪ್ರಿಲಿನಲ್ಲಿ. ಒಣಗಿಸಿದ ಟರ್ನಿಪ್ಪು, ಒಣ ಮಾಂಸ, ಬಾರ್ಲಿ ಹಿಟ್ಟು, ಅಷ್ಟೇ. ಬಸುರಿಯರು ಶರತ್ಕಾಲದಲ್ಲೇ ಕೆಳಗಿನ ಪಟ್ಟಣಕ್ಕೆ ಹೋಗಿ ಹೆತ್ತು, ಮಗು ಬೋರಲು ಬೀಳುವ ಹೊತ್ತಿಗೆ ಊರಿಗೆ ಬರುತ್ತಿದ್ದರು. ಈಗ ಜನವರಿಯಲ್ಲಿ ಮದುವೆಗಳಾಗುತ್ತವೆ. ವಾರಕ್ಕೊಮ್ಮೆ ಕೆಳಗಿನಿಂದ ಟೊಮೆಟೊ ಬರುತ್ತದೆ. ಬಾಗಿಲ ಮೂಲೆಯಲ್ಲಿ ಕೋಲು ಒರಗಿಸದ ಮನೆಯಿಲ್ಲ.

ನನ್ನ ಪಕ್ಕದ ಮನೆಯ ಪಲ್ಮೋ ಮಾತ್ರ ನಮ್ಮ ಯಂತ್ರವನ್ನು "ನಿನ್ನ ಸವತಿ" ಎಂದೇ ಕರೆಯುತ್ತಾಳೆ. ಅವಳಿಗೆ ಅರವತ್ತೆಂಟು. ಊರಿನ ರೂಢಿಯಂತೆ ನಾನು ಅವಳನ್ನು ಆಮಾ ಅನ್ನುತ್ತೇನೆ, ಎಂದರೆ ಅಮ್ಮ. ನಮ್ಮಿಬ್ಬರ ಮಾತು ಮುರುಕು ಹಿಂದಿಯಲ್ಲಿ. ಅದನ್ನು ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಅವಳ ಒಬ್ಬಳೇ ಮಗಳು ಯಂಗ್ಜೋಮ್ ಕೆಳಗಿನ ಪಟ್ಟಣದಲ್ಲಿ ಹೆಣ್ಣು ಮಗು ಹೆತ್ತು ಇಪ್ಪತ್ತೆಂಟು ದಿನವಾಗಿತ್ತು. ಮಗುವನ್ನು ಪಲ್ಮೋ ಫೋನಿನಲ್ಲಷ್ಟೇ ನೋಡಿದ್ದಳು.

ಮೌನೇಶ ಚಳಿಗಾಲದ ಕೆಲಸಕ್ಕೆಂದು ಕಣಿವೆಯ ಬಾಯಲ್ಲಿರುವ ಕೆಳಗಿನ ಕೇಂದ್ರಕ್ಕೆ ಹೋದ ಮರುದಿನವೇ ನಾನು ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿಸಿಕೊಂಡೆ. ಮೂರು ವಾರ ಹೊರಗೆ ಕಾಲಿಡಬಾರದು ಎಂದು ಆರೋಗ್ಯ ಕೇಂದ್ರದವಳು ಕಟ್ಟಪ್ಪಣೆ ಮಾಡಿದಳು. ಆ ರಾತ್ರಿಯೇ ಹಿಮ ಬಿತ್ತು. ಬೆಳಗ್ಗೆ ಆರಕ್ಕೆ ನನ್ನ ತಲೆಯ ಮೇಲೆ ಕರ್ ಕರ್ ಸದ್ದು. ಪಲ್ಮೋ ನನ್ನ ಮಾಳಿಗೆ ಗುಡಿಸುತ್ತಿದ್ದಳು. ಹಾಸಿಗೆಯಲ್ಲೇ ಕಣ್ಣು ತುಂಬಿ ಬಂತು. ಆಮೇಲೆ ಅವಳು ಚಹಾಕ್ಕೆ ಬಂದಾಗ ಪದ್ಧತಿಯಂತೆ ನಾನು ಆ ಮಾತೇ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಹೀಗೆ ಹತ್ತೊಂಬತ್ತು ದಿನ ನಡೆಯಿತು.

ಈ ಹತ್ತೊಂಬತ್ತು ದಿನದಲ್ಲಿ ತಗಡು ಕೊಡುತ್ತಿದ್ದ ಅಂಕಿಗಳು ಬಲು ಬಡಕಲಾಗಿದ್ದವು. ಮೌನೇಶ ಒಂದು ದಿನ ರೇಡಿಯೋದಲ್ಲಿ ಕೇಳಿಯೂ ಕೇಳಿದ.

"ಗುರೂ, ರಾತ್ರಿ ಒಂದ್ ಮೊಳ ಬಿದ್ದೈತಿ ಅಂತ ಎಲ್ಲಾರೂ ಹೇಳಾಕತ್ತಾರ. ತಗಡಿನ ಮ್ಯಾಲ ನಾಕ ಬೆರಳೂ ಇಲ್ಲಲ್ಲ?"

"ಗಾಳಿ ಹೊತ್ಕೊಂಡ ಹೋಗಿರತೈತಿ. ಅದರಾಗೇನ ಐತಿ?"

"ಗಾಳಿ ಅಳಿಯೂ ಚಕ್ರ ಏನ್ ಹೇಳತೈತಿ?"

"ಅದು ಹೆಪ್ಪುಗಟ್ಟಿ ನಿಂತು ಹದಿನೈದ ದಿನ ಆತು. ತಗಡು ನೋಡೂ ಕ್ಯಾಮೆರಾದ ಕಣ್ಣಾಗೂ ಬರ್ಫ ತುಂಬೈತಿ. ಏನ್ ಮಾಡ್ಲಿ, ಕುಂಟಕೋಂತ ಹೋಗಿ ಒರಸಲ್ಯಾ? ಅಷ್ಟ ಕಾಳಜಿ ಇದ್ರ ನೀನ ಬಂದು ನೋಡಪಾ ಸಾಹೇಬ!"

ಅವನು ನಕ್ಕು ಸುಮ್ಮನಾದ. ನಾನು ಯಂತ್ರದಲ್ಲಿ "ಗಾಳಿಗೆ ಹಾರಿದ ಹಿಮ" ಎಂಬಲ್ಲಿ ಗುರುತು ಹಾಕಿದೆ. ತಗಡಿನ ಮೇಲಿನದು ಗಾಳಿಗೆ ಹಾರಿದ್ದರೆ ಗುಡ್ಡದ ಮೇಲಿನದೂ ಹಾರಿರಬೇಕು. ಅಲ್ಲಿ ಉಳಿದಿರುವುದು ತೆಳ್ಳಗಿನ, ಹಳೆಯ, ಗಟ್ಟಿ ಹಿಮ. ಯಂತ್ರ ಹಾಗೆಂದು ನಂಬಿತು. ಕಣಿವೆಯ ಕೋಲುಗಳೆಲ್ಲ ಹಸಿರಾದವು. ಎದ್ದು ಹೋಗಿ ನೋಡದೆ ನಾನು ಹಾಕಿದ ಆ ಒಂದು ಗುರುತಿಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ಇಪ್ಪತ್ತನೆಯ ದಿನ ಬೆಳಗ್ಗೆ ಯಂಗ್ಜೋಮ್ ಬರುವವಳಿದ್ದಳು. ಅವಳು, ಅವಳ ಗಂಡ ಅಂಗ್ರುಪ್, ಮಗು. ಮೂರು ದಿನದ ಹಿಮ ಹಿಂದಿನ ಸಂಜೆಯಷ್ಟೇ ನಿಂತು ಆಕಾಶ ತಿಳಿಯಾಗಿತ್ತು. ಏಳಕ್ಕೇ ಕೆಳಗಿನ ಕೇಂದ್ರ ದಾಟಿದ್ದಾರೆ ಎಂದು ಮೌನೇಶ ಹೇಳಿದ್ದ. ಒಂಬತ್ತು ಕಿಲೋಮೀಟರು ದಾರಿ. ನಡುವೆ ಅರ್ಧ ಕಿಲೋಮೀಟರು ಬೋಳು ಇಳಿಜಾರನ್ನು ಅಡ್ಡ ಹಾಯಬೇಕು. ಅದಕ್ಕೆ ನಾವು ಇಟ್ಟ ಹೆಸರು ಎಮ್ಮೆಬೆನ್ನು. ಅದರ ಸರೀ ನಡುವೆ ಒಂದು ದೊಡ್ಡ ಬಂಡೆ ತಲೆ ಎತ್ತಿ ನಿಂತಿದೆ. ಅವರನ್ನು ಎದುರುಗೊಳ್ಳೋಣವೆಂದು ನಾನು ಕಾಲಿಗೆ ಪಟ್ಟಿ ಸುತ್ತಿಕೊಂಡು ಎಂಟು ಗಂಟೆಗೆ ಮೊದಲ ಸಲ ಹಿತ್ತಲಿಗೆ ಬಂದೆ.

ತಗಡಿನ ಎರಡೂ ಬದಿ ಹಿಮದ ಗುಡ್ಡೆ. ನನ್ನ ತಲೆಗಿಂತ ಎತ್ತರ. ನಡುವೆ ತಗಡು ನುಣ್ಣಗೆ, ತೊಳೆದಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ಪಲ್ಮೋ ಏಣಿಯಿಂದ ಇಳಿಯುತ್ತಿದ್ದಳು. ಕೈಯಲ್ಲಿ ಸಲಿಕೆ. ನನ್ನನ್ನು ಕಂಡು ಕದ್ದು ಸಿಕ್ಕಿಬಿದ್ದವಳಂತೆ ನಾಚಿಕೊಂಡು ನಕ್ಕಳು. ಅದೂ ಒಂದು ಮಾಳಿಗೆಯೆಂದು ಅವಳು ತಿಳಿದಿದ್ದಳು. ಬೇರೇನು ತಿಳಿಯಬೇಕಿತ್ತು? ಇಳಿಜಾರಾಗಿದೆ, ಕೆಳಗೆ ಕಾಲಿವೆ, ಗುಡಿಸುವ ಗಂಡಸು ಊರಲ್ಲಿಲ್ಲ. ದಿನಾ ಆರಕ್ಕೆ ಅವಳು ಗುಡಿಸುತ್ತಿದ್ದಳು, ಏಳಕ್ಕೆ ಯಂತ್ರ ಅಳೆಯುತ್ತಿತ್ತು.

"ಒಳಗೆ ಬಾ ಆಮಾ, ಚಹಾ ಇಡ್ತೀನಿ" ಎಂದಷ್ಟೇ ಹೇಳಿ ಒಳಗೆ ಬಂದು ರೇಡಿಯೋ ಹಿಡಿದೆ.

"ಮೌನೇಶಾ, ಅವರು ಎಲ್ಲಿ ಅದಾರ?"

"ಎಮ್ಮೆಬೆನ್ನಿನ ನಡುಬಂಡೆ ಹತ್ರ ಕುಂತಾರ. ಕೂಸಿಗೆ ಹಾಲು ಕುಡಸಾಕತ್ತಾಳಂತ. ಯಾಕ, ನಿನ್ನ ದನಿ ಹಿಂಗ್ಯಾಕ ಐತಿ?"

ಹೇಳಿದೆ. ಅವನು ತಕ್ಷಣ ಅಂಗ್ರುಪನ ಕೋಲಿನ ಮೂಲಕ, ಬಂಡೆ ಬಿಟ್ಟು ಒಂದು ಹೆಜ್ಜೆಯೂ ಕದಲಬೇಡಿ ಎಂದು ಅವರಿಗೆ ತಿಳಿಸಿದ.

"ಅಲ್ಲೇ ಕುಂದ್ರಸಾಕೂ ಬರೂದಿಲ್ಲ ಗುರೂ. ಹತ್ತೂವರಿಗೆ ಗುಡ್ಡಕ್ಕ ಬಿಸಲು ಬೀಳತೈತಿ. ಮ್ಯಾಲಿಂದ ಬಂದ್ರ ಆ ಬಂಡಿನೂ ಮುಚ್ಚಿ ಹೋಗತೈತಿ. ಹಿಂದ ಹೋಗ್ಬೇಕು, ಇಲ್ಲಾ ಮುಂದ ಹೋಗ್ಬೇಕು."

"ಬಂದ ದಾರಿ ಹಿಂದ ಹೋಗ್ಲಿ. ದಾಟಿ ಬಂದಾರಲ್ಲ?"

"ಒಮ್ಮೆ ದಾಟಿದ್ರ ಏನಾತು? ಎರಡನೇ ಸಲಕ್ಕ ಮುರಿಯೂದ ಹೆಚ್ಚು. ಎಂಥಾ ಹಿಮ ಯಾವತ್ತ ಬಿದ್ದೈತಿ, ಗರಿ ಎದ್ದಿದ್ವೋ ಇಲ್ಲೋ, ಅವನ್ನ ಗಾಳಿ ಮುರಿದೈತೋ ಇಲ್ಲೋ, ಒಂದೂ ನನ್ನ ಕಡೆ ಇಲ್ಲ. ಅವರು ಅಲ್ಲೇ ಅಗದು ನೋಡಿದ್ರೂ ಬಂಡಿ ಸುತ್ತಲಿನ ಹಿಮ ಬ್ಯಾರೆ, ಗುಡ್ಡದ ಹಿಮ ಬ್ಯಾರೆ. ಹತ್ತೊಂಬತ್ತ ದಿನದ ಹಿಮ ಹೋತಲ್ಲ ಗುರೂ!"

ಅಷ್ಟರಲ್ಲಿ ಪಲ್ಮೋ ಸಲಿಕೆಯನ್ನು ಬಾಗಿಲಿಗೆ ಒರಗಿಸಿ ಒಳಗೆ ಬಂದಳು. ಒಲೆಯ ಪಕ್ಕ ಕೂತು ಕೈ ಕಾಯಿಸಿಕೊಂಡಳು. ಮೊಮ್ಮಗಳಿಗೆಂದು ಹೆಣೆದ ಸಣ್ಣ ಉಣ್ಣೆಯ ಟೊಪ್ಪಿಗೆ ಅವಳ ಸೊಂಟದಲ್ಲಿತ್ತು. ಆಗಲೇ ನನಗೆ ಹೊಳೆಯಿತು. ಹತ್ತೊಂಬತ್ತು ದಿನದ ಹಿಮ ಎಲ್ಲಿಗೂ ಹೋಗಿಲ್ಲ. ಅದನ್ನು ಒಂದೊಂದು ಸಲಿಕೆಯಾಗಿ ಎತ್ತಿದ ತೋಳುಗಳು ಇಲ್ಲೇ ನನ್ನ ಮುಂದೆ ಇವೆ.

ಅವಳಿಗೆ ವಿಷಯ ಹೇಳಿದರೆ? ಹೆತ್ತ ಕರುಳು. ಎದೆ ಒಡೆದು ಕೂತವಳಿಗೆ ಮೊನ್ನೆಯ ಹಿಮ ಹೇಗಿತ್ತೆಂದು ನೆನಪಾದೀತೇ? ಹೇಳಬಾರದೆಂದು ತೀರ್ಮಾನಿಸಿದೆ. ರೇಡಿಯೋವನ್ನು ಕಿವಿಗೆ ಸಿಕ್ಕಿಸಿಕೊಂಡೆ. ಅವಳೊಂದಿಗೆ ಹಿಂದಿ, ಮೌನೇಶನೊಂದಿಗೆ ಕನ್ನಡ. ಅಂಗ್ರುಪನಿಗೆ ಏನು ಹೇಳಬೇಕೋ ಅದನ್ನು ಮೌನೇಶ ಹೇಳಲಿ.

"ಆಮಾ," ಅಂದೆ, ಉಪ್ಪು ಬೆಣ್ಣೆಯ ಚಹಾ ಬಗ್ಗಿಸುತ್ತ. "ಪದ್ಧತಿ ಮುರೀತಿದ್ದೀನಿ, ಸಿಟ್ಟಾಗಬೇಡ. ನೀನು ಗುಡಿಸಿದ ಹಿಮದ ಬಗ್ಗೆ ಕೇಳಬೇಕು. ನನ್ನ ಸವತಿಗೆ ಬೇಕಂತೆ."

ಅವಳು ಬಿದ್ದು ಬಿದ್ದು ನಕ್ಕಳು. "ನಿನ್ನ ಸವತಿಗೆ ಕಣ್ಣಿಲ್ಲವಾ?"

"ಇಲ್ಲ. ಮೊದಲ ದಿನ ಎಷ್ಟು ಬಿದ್ದಿತ್ತು?"

"ನಿನ್ನ ತಗಡಿಗೆ ತೊಂಬತ್ತು ಸಲಿಕೆ."

ನಾನು ಬೆರಗಾದೆ. "ಎಣಿಸಿದ್ದೀಯಾ?"

"ಎಣಿಸದೆ? ಸಲಿಕೆಗೊಂದು ಮಣಿ ಮಂತ್ರ ಹೇಳ್ತೀನಿ. ಬೆಳಗಿನ ಜಪ ಇನ್ಯಾವಾಗ ಮಾಡಲಿ? ಆವತ್ತು ತೊಂಬತ್ತಕ್ಕೇ ಮುಗೀತು. ಉಳಿದ ಹದಿನೆಂಟನ್ನ ಒಲೆ ಹತ್ತಿಸ್ತಾ ಹೇಳಿ ನೂರೆಂಟು ಮಾಡಿದೆ."

ನಾನು ಕನ್ನಡದಲ್ಲಿ ಮೆಲ್ಲಗೆ ಹೇಳಿದೆ, "ಮೌನೇಶಾ, ಬರಕೋ. ಒಂದನೇ ದಿನ, ತೊಂಬತ್ತು ಸಲಿಕಿ. ಆಕಿ ಎಣಿಸ್ಯಾಳ."

"ಎಣಿಸ್ಯಾಳ?" ಅವನ ದನಿ ನಡುಗಿತು. "ಸಲಿಕಿ ತೂಕಾ ಎಷ್ಟು? ಹಗುರಿತ್ತೋ, ಭಾರಿತ್ತೋ? ಕೇಳು, ಕೇಳು."

ಹೀಗೆ ಶುರುವಾಯಿತು. ಪಲ್ಮೋಗೆ ತಾರೀಖು ಬೇಕಿರಲಿಲ್ಲ. ಚಮರಿ ಹಸು ಕರು ಹಾಕಿದ ದಿನ, ಸಲಿಕೆಯ ಹಿಡಿ ಸೀಳಿದ ದಿನ, ಮಗು ಫೋನಿನಲ್ಲಿ ಸೀನಿದ ದಿನ. ನಾನು ಅವನ್ನೆಲ್ಲ ತಾರೀಖಿಗೆ ಹೊಂದಿಸಿ ಹೇಳುತ್ತಿದ್ದೆ. ಹಿಮ ಹೇಗಿತ್ತೆಂದರೆ ಅವಳು ತೋಳು ಎತ್ತಿ ತೋರಿಸುತ್ತಿದ್ದಳು. ಒಂದು ದಿನ ಸಲಿಕೆಯಿಂದ ತಾನೇ ಜಾರಿ ಹೋಗುವ ಹಿಟ್ಟು. ಇನ್ನೊಂದು ದಿನ ಅಂಟಿಕೊಂಡು ಬಿಡಲೊಲ್ಲದ ಮುದ್ದೆ. ಭುಜ ನೋಯುತ್ತಿತ್ತೇ ಇಲ್ಲವೇ ಎಂಬುದರ ಮೇಲೆ ಮೌನೇಶ ಕಿಲೋಗಳನ್ನು ಅಂದಾಜು ಮಾಡುತ್ತಿದ್ದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗಡಿಯಾರ ಒಂಬತ್ತೂ ಹತ್ತು ತೋರಿಸುತ್ತಿತ್ತು.

"ಆಮೇಲೆ ಐದು ದಿನ ಆಕಾಶ ಸ್ವಚ್ಛ ಇತ್ತಲ್ಲ ಆಮಾ. ಆಗಲೂ ತಗಡಿನ ಮೇಲೆ ಹತ್ತಿದೆಯಾ?"

"ಹತ್ತದೆ? ಒಂದು ದಿನ ಬಿಟ್ಟರೆ ಏನಂದ್ಕೊಳ್ತಾರೆ ಜನ? ಹಿಮ ಇರಲಿಲ್ಲ. ಗರಿ ಇದ್ದವು. ಬೆರಳುದ್ದ, ನಿಂತ್ಕೊಂಡಿದ್ದವು. ಗುಡಿಸೋಕೆ ಮನಸ್ಸಾಗಲಿಲ್ಲ ನೋಡು. ಬಗ್ಗಿ ಊದಿದೆ, ಹಾರಿಹೋದವು. ಐದು ದಿನವೂ ಅಷ್ಟೇ."

ಕಿವಿಯಲ್ಲಿ ಮೌನೇಶ ಉಸಿರು ಬಿಟ್ಟ. "ಐದ ದಿನ! ತಗಡಿನ ಮ್ಯಾಲಿನವನ್ನ ಆಕಿ ಊದ್ಯಾಳ. ಗುಡ್ಡದಾಗಿನವನ್ನ ಯಾರ ಊದಬೇಕು? ಅಲ್ಲಿ ಬೆಳದು ಗೇಣುದ್ದ ಆಗಿರತಾವ. ಅದರ ಮ್ಯಾಲ ಮೂರ ದಿನದ ಹಿಮಾ ಕುಂತೈತಿ. ಗುರೂ, ಒಂದ ಕೇಳು. ಐದನೇ ದಿನದ ಮುಂಜಾನೆ ಗಾಳಿ ಇತ್ತೇನು? ಗವಿಕಣಿವಿ ಗಾಳಿ? ಎಮ್ಮೆಬೆನ್ನಿನ ಈಚಿಗಿನ ಅರ್ಧಕ್ಕ ಬಡಿಯೂದು ಆ ಗಾಳಿ. ಅದು ಬಡದಿದ್ರ ಅಲ್ಲಿ ಗರಿ ಉಳದಿರೂದಿಲ್ಲ."

ಗವಿಕಣಿವೆ ಊರ ಪಕ್ಕದ ಸಣ್ಣ ಕಣಿವೆ. ಮರೆಯಲ್ಲಿರುವ ಕೇಂದ್ರದ ತಗಡಿಗೆ ಆ ಗಾಳಿ ತಾಗುವುದೇ ಇಲ್ಲ. ಆದರೆ ಪಲ್ಮೋಳ ಮನೆ ಊರಿನ ಅಂಚಿನಲ್ಲಿದೆ. ಗವಿಕಣಿವೆಯ ಗಾಳಿ ಊರಲ್ಲಿ ಮೊದಲು ಬಡಿಯುವುದು ಅವಳ ಮಾಳಿಗೆಗೆ.

"ಆಮಾ, ಬರೀ ಗರಿ ಇದ್ದ ಕೊನೆಯ ಬೆಳಗ್ಗೆ, ನಿನ್ನ ಮಾಳಿಗೆ ಮೇಲೂ ಗರಿ ಇದ್ದವಾ?"

ಪಲ್ಮೋ ಚಹಾ ಕೆಳಗಿಟ್ಟಳು. ಕಣ್ಣು ಮುಚ್ಚಿಕೊಂಡು ಕೈಯನ್ನು ಗಾಳಿಯಲ್ಲಿ ಆಡಿಸಿದಳು, ಸಲಿಕೆ ಹಿಡಿದವಳಂತೆ. ಒಂದು ಸಲ, ಎರಡು ಸಲ. ಆ ಹೊತ್ತಿನಲ್ಲಿ ಅವಳ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ ಎದ್ದು ತಬ್ಬಿಕೊಳ್ಳಬೇಕೆನಿಸಿತು.

"ಇಲ್ಲ," ಅಂದಳು ಕಣ್ಣು ಬಿಟ್ಟು. "ಇರಲಿಲ್ಲ. ರಾತ್ರಿಯೆಲ್ಲ ಗಾಳಿ. ನನ್ನ ಬೂದು ಕಂಬಳಿ ಹಗ್ಗದಿಂದ ಹಾರಿಹೋಗಿ ಬೆಳಗ್ಗೆ ಹುಡುಕಿದೆ. ಮಾಳಿಗೆ ಮೇಲೆ ಗಾಳಿ ತಂದು ಒತ್ತಿದ ಹಿಮ ಗಟ್ಟಿಯಾಗಿತ್ತು, ಸಲಿಕೆ ಟಕ್ ಅಂತು. ಆಮೇಲೆ ನಿನ್ನ ತಗಡಿಗೆ ಬಂದರೆ ಅಲ್ಲಿ ಗರಿ ಹಾಗೇ ನಿಂತಿದ್ದವು. ಎಷ್ಟು ಹತ್ತಿರದ ಮನೆ, ಎಷ್ಟು ಬೇರೆ ಹಿಮ ಅಂದ್ಕೊಂಡೆ."

"ಖಂಡಿತವಾ ಆಮಾ?"

"ಕಂಬಳಿ ಕಳೆದ ದಿನ ಮರೀತೀನಾ? ಅದರ ಮರುದಿನದಿಂದ ಮೂರು ದಿನ ಬಿತ್ತು. ಮೊದಲು ಹಗುರ, ಆಮೇಲೆ ಭಾರ. ನೂರಾ ಇಪ್ಪತ್ತು, ನೂರಾ ಐವತ್ತು, ನೂರಾ ಎಂಬತ್ತು. ಇವತ್ತು ಜಪ ಮುಗಿದು ಎರಡನೇ ಸುತ್ತೂ ಹತ್ತಿರ ಹತ್ತಿರ ಮುಗಿಯೋಕೆ ಬಂದಿತ್ತು."

ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಆ ಕಡೆ ಕೀಲಿಮಣೆ ಕುಟ್ಟುವ ಸದ್ದು. ಯಂತ್ರ ಹತ್ತೊಂಬತ್ತು ದಿನಗಳನ್ನು ಅಳಿಸಿ, ಪಲ್ಮೋ ಹೇಳಿದ ಹಾಗೆ ಮತ್ತೆ ಒಂದೊಂದಾಗಿ ಪೇರಿಸಿತು. ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷ ಪಲ್ಮೋ ಮೊಮ್ಮಗಳ ಮೂಗು ಯಾರ ಹಾಗಿದೆ ಎಂಬ ಬಗ್ಗೆ ಮಾತಾಡಿದಳು. ನಾನು ಹೂಂಗುಟ್ಟಿದೆ.

"ಗುರೂ, ಹಿಂದಿನ ಅರ್ಧ ಪೂರ್ತಿ ಕೆಂಪು. ಅವರು ಹೆಂಗ ದಾಟಿ ಬಂದ್ರೋ ಆ ದೇವರಿಗೇ ಗೊತ್ತು. ಮುಂದಿನ ಅರ್ಧ ಹಳದಿ."

ಹಳದಿ ಎಂದರೆ ಹೋಗಬಹುದು ಎಂದಲ್ಲ. ಬೇರೆ ದಾರಿಯಿಲ್ಲದಿದ್ದರೆ ಹೋಗು ಎಂದು.

"ಮುಂದ ಕಳಸು," ಅಂದೆ. "ಒಬ್ಬೊಬ್ಬರನ್ನ. ಮೊದಲ ಅಂಗ್ರುಪ್. ಅಂವಾ ಈ ಕಡೆ ಮುಟ್ಟಿದ ಮ್ಯಾಲೇ ಆಕಿ. ಚೀಲದ ಪಟ್ಟಿ ಬಿಚ್ಚಿ ಹೆಗಲಿಗೆ ಸುಮ್ನ ಜೋತಬಿಡಲಿ. ಕೂಸನ್ನ ಚೀಲದಾಗ ಅಲ್ಲ, ಎದಿಗೆ ಕಟ್ಟಿಕೊಳ್ಳಲಿ."

"ಕೂಸು ನಾ ಒಯ್ತೀನಿ ಅನ್ನಾಕತ್ತಾನ ಅಂಗ್ರುಪ್. ಆಕಿ ಕೊಡವಲ್ಲಳು."

"ಅಂವಾ ಎಪ್ಪತ್ತೈದ ಕಿಲೋ. ಆಕಿ ಐವತ್ತಿಲ್ಲ. ಆಕಿ ಹಟಾನ ಸರಿ ಐತಿ ಅಂತ ಹೇಳು, ರಾಜಾ."

ಒಂಬತ್ತೂ ಐವತ್ತಕ್ಕೆ ಅಂಗ್ರುಪ್ ಬಂಡೆ ಬಿಟ್ಟ. ಇನ್ನೂರೈವತ್ತು ಮೀಟರು. ಅವನು ಕೋಲು ಊರಿದಾಗಲೆಲ್ಲ ಬಂದ ಬಣ್ಣವನ್ನು ಮೌನೇಶ ನನಗೆ ಹೇಳುತ್ತಿದ್ದ. ಹಳದಿ, ಹಳದಿ, ಹಳದಿ. ನಾನು ಪಲ್ಮೋಳ ಕೈಯನ್ನು ಹಿಡಿದುಕೊಂಡಿದ್ದೆ. ಯಾವಾಗ ಹಿಡಿದುಕೊಂಡೆನೋ ನನಗೆ ಗೊತ್ತಿರಲಿಲ್ಲ. ಅವಳ ಅಂಗೈ ಸಲಿಕೆಯ ಹಿಡಿಯಿಂದ ಒರಟಾಗಿತ್ತು. ಹತ್ತೂ ಐದಕ್ಕೆ ಅವನು ದಾಟಿದ.

ಯಂಗ್ಜೋಮ್ ತನ್ನ ಕೋಲು ಹಿಡಿದು ಹೊರಟಳು. ಗಂಡನ ಹೆಜ್ಜೆಯ ಮೇಲೇ ಹೆಜ್ಜೆಯಿಡುತ್ತ ಬಾ ಎಂದು ಮೌನೇಶ ಅವಳಿಗೆ ಹೇಳಿದ. ಅರ್ಧ ದಾರಿಯಲ್ಲಿ ಮಗು ಅಳತೊಡಗಿತು. ನಿಂತು ಸಮಾಧಾನ ಮಾಡಲೇ ಎಂದು ಅವಳು ಕೇಳಿದಳು. ನಿಲ್ಲಬೇಡ, ಅಳಲಿ, ಅಳುವಿಗೆ ಹಿಮ ಬೀಳುವುದಿಲ್ಲ, ನೀನು ನಡೆ ಎಂದ. ಕೂಸಿನ ಆ ಅಳು ಕೋಲಿನಿಂದ ಅವನ ರೇಡಿಯೋಗೆ, ಅಲ್ಲಿಂದ ನನ್ನ ಕಿವಿಗೆ ಸಣ್ಣಗೆ ಕೇಳುತ್ತಿತ್ತು. ಅಜ್ಜಿ ನನ್ನ ಎದುರಿಗೇ ಕೂತಿದ್ದಳು, ಅವಳಿಗೆ ಕೇಳಿಸುವಂತಿರಲಿಲ್ಲ.

ಹತ್ತೂ ಇಪ್ಪತ್ತಮೂರಕ್ಕೆ ಮೌನೇಶ ಹೇಳಿದ, "ಮುಟ್ಟಿದ್ರು."

ನಾನು ರೇಡಿಯೋವನ್ನು ಕಿವಿಯಿಂದ ತೆಗೆದು ಪಲ್ಮೋಳ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿದೆ.

ಹನ್ನೊಂದೂವರೆಗೆ ಊರಿಗೆಲ್ಲ ಕೇಳುವಂತೆ ಗುಡುಗಿನಂಥ ಒಂದು ಸದ್ದು ಬಂತು. ಎಮ್ಮೆಬೆನ್ನಿನ ಆಚೆಗಿನ ಅರ್ಧ, ಅವರು ಬೆಳಗ್ಗೆ ನಡೆದು ಬಂದಿದ್ದ ದಾರಿ ಸಮೇತ, ಕಣಿವೆಗೆ ಇಳಿಯಿತು. ನಡುಬಂಡೆ ಕಾಣಿಸಲಿಲ್ಲ. ಅಷ್ಟು ಹೊತ್ತಿಗೆ ಯಂಗ್ಜೋಮ್ ಊರ ಹತ್ತಿರದ ಸೇತುವೆ ದಾಟುತ್ತಿದ್ದಳು. ಕಣಿವೆಯ ಕೋಲುಗಳನ್ನೆಲ್ಲ ಮೌನೇಶ ಆಗಲೇ ಕೆಂಪಿಗೆ ತಿರುಗಿಸಿದ್ದ.

ಸಂಜೆ ನಾನು ಕುಂಟುತ್ತ ಪಲ್ಮೋಳ ಮನೆಗೆ ಹೋದೆ. ಯಂಗ್ಜೋಮ್ ಒಳಕೋಣೆಯಲ್ಲಿ ನಿದ್ದೆ ಹೋಗಿದ್ದಳು. ಅಂಗ್ರುಪ್ ಕೊಟ್ಟಿಗೆಯಲ್ಲಿದ್ದ. ಪಲ್ಮೋ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾನು ಅವಳೆದುರು ಕೂತು ಎಲ್ಲ ಹೇಳಿದೆ. ತಗಡು ಮಾಳಿಗೆಯಲ್ಲ ಎಂದು. ಅದನ್ನು ಗುಡಿಸಿದ್ದು ತಪ್ಪಾಯಿತು, ಆದರೆ ಅವಳಿಗೆ ಹೇಳದಿದ್ದುದು ನನ್ನ ತಪ್ಪು, ಹೊರಗೆ ಬಂದು ನೋಡದೆ ಗಾಳಿಯ ಗುರುತು ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು. ಬೆಳಗ್ಗೆ ಸುಮ್ಮನೆ ಹರಟೆಯೆಂಬಂತೆ ನಾನು ಕೇಳುತ್ತಿದ್ದಾಗ ಅವಳ ಮಗಳು ಎಲ್ಲಿ ಕೂತಿದ್ದಳು ಎಂದು.

ಪಲ್ಮೋ ಮಗುವಿನ ಕಾಲನ್ನು ಕಂಬಳಿಯೊಳಗೆ ಸೇರಿಸಿದಳು.

"ಗೊತ್ತಿತ್ತು," ಅಂದಳು.

"ಯಂಗ್ಜೋಮ್ ಹೇಳಿದಳಾ?"

"ಇಲ್ಲ. ಬೆಳಗ್ಗೆಯೇ ಗೊತ್ತಿತ್ತು. ಆರು ವರ್ಷದಿಂದ ಪಕ್ಕದ ಮನೆಯಲ್ಲಿದ್ದೀನಿ. ನಿನ್ನ ಭಾಷೆ ನನಗೆ ಒಂದಕ್ಷರ ಬರೋದಿಲ್ಲ. ಆದರೆ ನೀನು ಗಂಡನ ಹತ್ತಿರ ಅಷ್ಟು ಮೆತ್ತಗೆ ಮಾತಾಡಿದ್ದು ಯಾವತ್ತೂ ಕೇಳಿರಲಿಲ್ಲ. ನೀನು ಎರಡನೇ ದಿನದ ಹಿಮ ಕೇಳೋ ಹೊತ್ತಿಗೇ ನನ್ನ ಮಗಳು ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾಳೆ ಅಂತ ತಿಳೀತು."

ಆ ನಗು, ಆ ತಮಾಷೆ, ಮಗುವಿನ ಮೂಗಿನ ಮಾತು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು.

"ಮತ್ತೆ ನಗ್ತಾ ಕೂತಿದ್ದೆಯಲ್ಲ ಆಮಾ! ಹೇಗೆ ಆಯಿತು ನಿನ್ನ ಕೈಲಿ?"

"ನಾನು ಅತ್ತಿದ್ದರೆ ನೀನು ಕೇಳೋದನ್ನ ನಿಲ್ಲಿಸಿಬಿಡ್ತಿದ್ದೆ," ಅಂದಳು ಪಲ್ಮೋ. ಮ್ಲಾನವಾಗಿ ನಕ್ಕಳು. ಆಮೇಲೆ ಮಗುವನ್ನು ಎತ್ತಿ ನನ್ನ ತೊಡೆಯ ಮೇಲೆ ಮಲಗಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು.